ಘಾಟಿನ ಎಲೆ ತಿಂದ ಪೈಲ್ವಾನರು

ಜುಲೈ ೧೪, ಮಂಗಳವಾರ.

ಕಣ್ಣು ಮುಚ್ಚಿದರೆ ಆ ಕಪ್ಪಾದ ಮರಿಗಳೇ ಕಾಣುತ್ತವೆ.

ತಂಗಿಯ ಮಗಳು ಸಾಕುವ ಕಣಜಗಳು ಹೊಗೆಸೊಪ್ಪಿನ ಹುಳುವಿನ ಮೈಯೊಳಗೆ ಮೊಟ್ಟೆಯಿಡುತ್ತವೆ. ಮರಿಗಳು ಹುಳುವನ್ನೇ ತಿಂದು ಹೊರಬರುತ್ತವೆ, ಬೆಳೆ ಉಳಿಯುತ್ತದೆ. ಅವಳು ಜ್ವರ ಬಂದು ಮಲಗಿದಾಗ ಅಂಥ ಹುಳುಗಳಿಗೆ ಸೊಪ್ಪು ಹಾಕುವ ಕೆಲಸ ನನಗೆ ಬಂತು. ಎಳೆಯದನ್ನೇ ಹಾಕು ಎಂದಿದ್ದಳು. ನನಗೇ ಪಾಠವೇ? ತಲೆ ತಿರುಗುವಷ್ಟು ಘಾಟಿನ ಬಲಿತ ಎಲೆ ಹಾಕಿದೆ. ಗಬಗಬನೆ ತಿಂದವು. ನನ್ನ ಪೈಲ್ವಾನರು ಎಂದು ಬೀದಿಯವರಿಗೆಲ್ಲ ತೋರಿಸಿದೆ.

ಇವತ್ತು ಅವಳು ಒಂದು ಹುಳುವನ್ನು ಸೀಳಿ ನೋಡಿದಳು. ಒಳಗೆ ಕಣಜದ ಮರಿಗಳು ಕಪ್ಪಾಗಿ ಸತ್ತಿದ್ದವು.

"ಮಾವ, ಎಲೆಯ ವಿಷ ಹುಳಕ್ಕೆ ತಾಗ್ಲಿಲ್ಲ. ಒಳಗಿದ್ದ ಮರಿಗಳಿಗೆ ತಾಗಿದೆ. ಒಂದೂ ಉಳಿದಿಲ್ಲ."

"ಹೋಗ್ಲಿ ಬಿಡೇ. ಹುಳ ನೋಡು, ನಿನ್ನ ಗಂಡನಿಗಿಂತ ಗಟ್ಟಿಮುಟ್ಟಾಗಿದೆ!"

ಅವಳು ನಗಲಿಲ್ಲ. "ನನ್ನ ಹತ್ರ ಇದ್ದ ಕಣಜದ ತಳಿ ಇದೊಂದೇ, ಮಾವ. ಮದುವೆಗೆ ಮುಂಚಿನಿಂದ ಸಾಕಿದ್ದೆ."

ಗಿಡ ತನ್ನನ್ನು ಉಳಿಸಿಕೊಳ್ಳಲು ತುಂಬಿಕೊಂಡ ವಿಷ ಅದರ ಕಾವಲಿನವರನ್ನೇ ಕೊಂದಿತು. ಬಡಿಸಿದ್ದು ನಾನು.

ಹುಳುಗಳ ಪೆಟ್ಟಿಗೆಯನ್ನು ನನ್ನ ಕೋಣೆಯಲ್ಲೇ ಇಟ್ಟು ಹೋಗಿದ್ದಾಳೆ. ಬಿಟ್ಟರೆ ಬೆಳೆ ತಿಂದುಹಾಕುತ್ತವೆ, ಬೆಳಿಗ್ಗೆ ಅವನ್ನು ಕುದಿಯುವ ನೀರಿಗೆ ನಾನೇ ಹಾಕಬೇಕಂತೆ. ಅವು ಮಾತ್ರ ಏನೂ ಆಗದಂತೆ ಕರಕರ ಮೇಯುತ್ತಿವೆ. ಸೊಪ್ಪು ಮುಗಿಯುತ್ತಾ ಬಂದಿದೆ. ಇನ್ನೊಂದೆರಡು ಎಲೆ ಹಾಕೋಣವೆಂದು ಎದ್ದೆ, ಆಮೇಲೆ ಬೆಳಿಗ್ಗೆಯ ಕುದಿನೀರು ನೆನಪಾಗಿ ಮತ್ತೆ ಕೂತೆ.