ಸರ್ಕಾರದ ಒಂದೇ ಅಪ್ಪುಗೆ

ಗೆಂಟ್, ನವೆಂಬರ್ 2020

ಅಮ್ಮಾ,

ಈ ಸೋಂಕು ಇಳಿಯುವವರೆಗೆ ಒಂಟಿಯಾಗಿರುವವರು ಒಬ್ಬರನ್ನಷ್ಟೇ ಮನೆಗೆ ಕರೆದು ತಬ್ಬಿಕೊಳ್ಳಬಹುದಂತೆ. ಒಂದೇ ಒಂದು ಅಪ್ಪುಗೆ, ಅದಕ್ಕೂ ಸರ್ಕಾರದ ಒಪ್ಪಿಗೆ. ನಿನ್ನ ಪಾಲಿನದು ಪಕ್ಕದ ಮನೆಯ ಗೋಡೆಲೀವ್‌ಗೆ ಹೋಯಿತು. "ನೀನಂತೂ ಬರಲ್ಲ ಅಂದೆ. ಜಾಗ ಯಾಕೆ ಖಾಲಿ ಬಿಡ್ಲಿ? ಅವಳು ಇಸ್ಪೀಟಲ್ಲಿ ಮೋಸ ಮಾಡ್ತಾಳೆ, ಆದ್ರೂ ಬರ್ತಾಳಲ್ಲ" ಅಂದೆ ನೀನು ಫೋನಿನಲ್ಲಿ.

ಕೆಲಸ ಜಾಸ್ತಿ, ಬರಲಾಗಲ್ಲ ಅಂತ ನಾನು ಅಂದದ್ದು ಸುಳ್ಳು. ನಾನು ಒಗೆಯುವುದು ಆಸ್ಪತ್ರೆಯ ಬಟ್ಟೆ. ದಿನಕ್ಕೆ ಆರು ಸಲ ಜ್ವರ ನೋಡಿಕೊಳ್ಳುತ್ತೇನೆ, ಥರ್ಮಾಮೀಟರ್ ಇಲ್ಲವೆಂದರೂ ನಂಬುವುದಿಲ್ಲ. ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಅಲೆಯುತ್ತೇನೆ. ನನ್ನಿಂದ ನಿನಗೆ ಅಂಟಿದರೆ?

ಭಾನುವಾರ ಸೂಪಿನ ಪಾತ್ರೆಯನ್ನು ಹೊಸಿಲಲ್ಲಿಟ್ಟು ಬೆಲ್ ಒತ್ತುತ್ತೇನೆ. ನೂರು ಎಣಿಸಿ ಬಾಗಿಲು ತೆಗೆ. ಕಿಟಕಿಯಿಂದ ಹೆಸರು ಹಿಡಿದು ಮಾತ್ರ ಕೂಗಬೇಡ. ಕೂಗಿದರೆ ತಿರುಗಿ ಬಂದುಬಿಡುತ್ತೇನೆ.

ಬೀದಿಯಾಚೆಯಿಂದ,
ವೇರ್ಲೆ