ರಾತ್ರಿಯಿಲ್ಲದ ಊರು

ಜೂನ್ 3, ಸೋಮವಾರ

ಸ್ಕೂಲು ಶುರು. ಹ್ಯಾಂಡ್‌ಪೋಸ್ಟ್ ಊರಿನ ನನ್ನ ಟೈಲರ್ ಅಂಗಡಿ ತುಂಬ ಯೂನಿಫಾರಂ ಬಟ್ಟೆ. ಕಾಲರ್ ಹೊಲಿಯುತ್ತಿದ್ದೆ. ಅವ್ವ ಒಳಗಿನ ಮಂಚದಲ್ಲಿ. ಕ್ಯಾನ್ಸರ್ ಲಿವರಿಗೂ ಹಬ್ಬಿದೆ. ಮಾತ್ರೆ ಹಿಡಿಯುತ್ತಿಲ್ಲ.

ಪ್ರಭುಸ್ವಾಮಿ ಚಿಕ್ಕಪ್ಪ ಬಂದರು — ಅಪ್ಪನ ತಮ್ಮ. ನಿಂತೇ ಹೇಳಿದರು: "ಅತ್ಗೆ ಜೀವ ಓದ್ಮೇಲೆ ನಮ್ಮ ವಲಕ್ಕೇ ತರ್ಬೇಕು ಕಣವ್ವ ಮಧು. ಅಣ್ಣನ ಸಮಾದಿ ಪಕ್ಕ. ಚರ್ಚುಗಿರ್ಚು ಅಂದ್ರೆ ಸುಮ್ಕಿರಲ್ಲ."

"ಅವ್ವ ಇನ್ನೂ ಬದುಕವ್ಳೆ ಚಿಕ್ಕಪ್ಪ," ಅಂದೆ.

ಜೂನ್ 5

ಅವ್ವನಿಗೆ ಎಲ್ಲಾ ಕೇಳಿಸಿತ್ತು. "ಆ ವಲಕ್ಕೆ ಬ್ಯಾಡ ಕಣೇ."

ಆ ಹೊಲ... ತ್ರೀ ಫೇಸ್ ಕರೆಂಟು ಬರುತ್ತಿದ್ದುದೇ ರಾತ್ರಿ. ಮುಸುಕಿನ ಜೋಳಕ್ಕೆ ನೀರು ಹಾಯಿಸಲು ಹೋದ ಅಪ್ಪನನ್ನು ಆನೆ ತುಳಿಯಿತು. ಬೆಳಕು ಹರಿಯುವ ತನಕ ಅವ್ವ ಕೂಗುತ್ತಾ ಹುಡುಕಿದ್ದಳು. ಚರ್ಚಿಗೆ ಹೋಗಲು ಶುರು ಮಾಡಿದ್ದು ಪಾಸ್ಟರ್ ಹೇಳಿದ ಒಂದೇ ಮಾತಿಗೆ — ಪರಲೋಕದಲ್ಲಿ ರಾತ್ರಿಯೇ ಇಲ್ಲ, ಅಲ್ಲಿ ದೇವರೇ ಬೆಳಕು.

"ಅಲ್ಲಿ ಯಾರೂ ಕತ್ಲಲ್ಲಿ ನೀರು ಆಯ್ಸಂಗಿಲ್ಲ ಕಣೇ."

"ಅಪ್ಪ ಇರ್ತಾರಾ ಅಲ್ಲಿ? ಸಾಯೋಗಂಟ ಇಬೂತಿ ಬುಡ್ನಿಲ್ವಲ್ಲ."

"ಕೇಳ್ತೀನಿ. ಅವ್ರುನ್ನ ಒಳಿಕೆ ಬುಡ್ದಿದ್ರೆ ನಾನೂ ಬಾಗ್ಲಲ್ಲೇ ಕುಂತ್ಕತೀನಿ."

ನಾನು ನಂಬುವವಳಲ್ಲ. ಚರ್ಚಿಗೂ ಇಲ್ಲ, ಮಠಕ್ಕೂ ಇಲ್ಲ. ಆದರೆ ಈ ನಂಬಿಕೆಯನ್ನು ಅವಳಿಂದ ಯಾರಾದರೂ ಕಿತ್ತುಕೊಳ್ಳಲಿ — ನೋಡೇಬಿಡುತ್ತೇನೆ.

ಜೂನ್ 14

ಅವ್ವ ಹೋದಳು. ಬೆಳಗ್ಗೆ. ನನ್ನ ಕೈ ಹಿಡಿದೇ.

ಜೂನ್ 16, ಭಾನುವಾರ

ನಿನ್ನೆಯದು ಬರೆಯಬೇಕು.

ಚಿಕ್ಕಪ್ಪ ಚರ್ಚಿನ ಸ್ಮಶಾನಕ್ಕೆ ಹೋಗುವ ಬೀದಿಗೆ ಅಡ್ಡವಾಗಿ ಟ್ರಾಕ್ಟರ್ ನಿಲ್ಲಿಸಿದ್ದರು. ಹಿಂದೆ ಊರಿನವರು. ಪಾಸ್ಟರ್ ಹೆದರಿದರು. "ಗಲಾಟೆ ಬೇಡಮ್ಮ. ಹೊಲದಲ್ಲೇ ಆಗಲಿ. ನಾನು ಇಲ್ಲೇ ಪ್ರಾರ್ಥನೆ ಮಾಡಿಬಿಡ್ತೀನಿ."

"ಇಲ್ಲ," ಅಂದೆ. ಚರ್ಚಿನ ಹೆಂಗಸರ ಜೊತೆ ನಾನೇ ಹೆಗಲು ಕೊಟ್ಟು ಪೆಟ್ಟಿಗೆ ಎತ್ತಿದೆ. ಟ್ರಾಕ್ಟರ್ ಎದುರಿಗೇ ಹೋಗಿ ನಿಂತೆವು.

"ಆ ರಾತ್ರಿ ನೀವೂ ಅವ್ವನ ಜೊತೆ ಹುಡುಕಿದ್ರಲ್ಲ ಚಿಕ್ಕಪ್ಪ. ಅವಳು ಕೂಗಿದ್ದು ಕೇಳಿದ್ರಲ್ಲ. ತಿರ್ಗಾ ಅಲ್ಲೇ ಮಲಗ್ಸಕೆ ಮನಸ್ಸು ಬತ್ತದಾ ನಿಮ್ಗೆ?"

ಹೆಗಲು ಉರಿಯುತ್ತಿತ್ತು. ಇಳಿಸಲಿಲ್ಲ. ಚಿಕ್ಕಪ್ಪ ಟವೆಲಿನಿಂದ ಮುಖ ಒರೆಸಿಕೊಂಡರು. "ತೆಗೀಲಾ ಟ್ರಾಕ್ಟರ್‌ನ," ಅಂದರು ಡ್ರೈವರಿಗೆ.

ಚರ್ಚಿನ ಸ್ಮಶಾನದ ತನಕ ಹಿಂದೆಯೇ ನಡೆದು ಬಂದರು. ಗೇಟಿನೊಳಗೆ ಬರಲಿಲ್ಲ. ಪಾಸ್ಟರ್ ರಾತ್ರಿಯಿಲ್ಲದ ಪರಲೋಕದ ಮಾತು ಓದಿದ್ದು ಅಲ್ಲಿಗೂ ಕೇಳಿಸಿರಬೇಕು. ಮಣ್ಣು ಮುಗಿಸಿ ಹೊರಗೆ ಬಂದಾಗ ಮೆಲ್ಲಗೆ ಕೇಳಿದರು, "ನಿಜ್ವಾಗ್ಲೂ ರಾತ್ರಿನೇ ಇರಲ್ವಾ ಅಲ್ಲಿ?"

"ಇರಲ್ಲ ಚಿಕ್ಕಪ್ಪ," ಅಂದೆ. ಗಟ್ಟಿಯಾಗಿ. ಎಲ್ಲರಿಗೂ ಕೇಳುವ ಹಾಗೆ.

ನಾನು! ಒಂದು ಕ್ಷಣವೂ ಯೋಚಿಸಲಿಲ್ಲ. ಸುಳ್ಳು ಅಂತಲೂ ಅನ್ನಿಸಲಿಲ್ಲ. ಹಾಗಾದರೆ ನಾನೂ—