ಹಳೆ ಸ್ಟುಡಿಯೋದ ಕಂಪ್ಯೂಟರಿಗೆ ಹೊಸ ಮೆಮೊರಿ

ಹಳೆ ಸ್ಟುಡಿಯೋ,
ಗುರುವಾರ ಮಧ್ಯಾಹ್ನ

ಹೊಸ ಸ್ಟುಡಿಯೋದ ಯಜಮಾನರಿಗೆ (ಕಾಗದಪತ್ರದ ಪ್ರಕಾರ ಇನ್ನೂ ನನ್ನ ಯಜಮಾನರೂ ಹೌದು),

ನಾನು ಕ್ಷೇಮ. ನೀವೂ ಕ್ಷೇಮವೆಂದು ನಿಮ್ಮ ತಂಗಿ ಹೇಳಿದಳು, ನಾನು ಕೇಳಿರಲಿಲ್ಲ. ಫೋನ್ ಮಾಡಬಹುದಿತ್ತು, ಆದರೆ ನೀವು ಬೇರೆ ಅಂಗಡಿ, ಬೇರೆ ಮನೆ ಮಾಡಿದ ಮೇಲೆ ಫೋನಿನಲ್ಲಿ ಎರಡನೇ ಮಾತಿಗೇ ನಮ್ಮಿಬ್ಬರ ದನಿ ಏರುತ್ತದೆ. ಕಾಗದದಲ್ಲಿ ಏರುವುದು ಸಾಲು ಮಾತ್ರ, ಅದೂ ಗೆರೆಯಿಲ್ಲದ ಹಾಳೆಯಾದ್ದರಿಂದ.

ಗಿರಾಕಿಯ ಮದುವೆಯ ಫೋಟೋಗಳ ಜೊತೆ ನೀವು ತಂಗಿಯ ಕೈಲಿ ಕಳಿಸಿದ ಷರತ್ತೂ ತಲುಪಿತು. ಶನಿವಾರದೊಳಗೆ ಈ ಹಳೆ ಕಂಪ್ಯೂಟರ್ ಡಬ್ಬದಲ್ಲೇ ಆಲ್ಬಮ್ ಸಿದ್ಧವಾದರೆ ಈ ಸ್ಟುಡಿಯೋವನ್ನು ನನ್ನ ಪಾಡಿಗೆ ನಡೆಸಿಕೊಳ್ಳಬಹುದು; ಆಗದಿದ್ದರೆ ಶಟರ್ ಎಳೆದು ನಿಮ್ಮಲ್ಲಿ ಬಂದು ಕೂರಬೇಕು. ಹೆಂಡತಿಯಾಗಿಯೋ ಕೆಲಸದವಳಾಗಿಯೋ ಎಂದು ವಿಚಾರಿಸಿದೆ. "ಅತ್ತಿಗೆ, ಅದನ್ನ ಅಣ್ಣ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ" ಎಂದಳು ನಿಮ್ಮ ತಂಗಿ. ಆಗಲಿ ಎಂದು ಒಪ್ಪಿಕೊಂಡೆ.

ಮೊದಲ ದಿನವೇ ಡಬ್ಬ ಮಲಗಿತು. ನಿಮ್ಮ ಹೊಸ ಕ್ಯಾಮೆರಾದ ಫೋಟೋ ಒಂದು ತೆರೆದರೆ ನಿಟ್ಟುಸಿರು, ಎರಡು ತೆರೆದರೆ ಮೌನವ್ರತ. ಮೆಮೊರಿ ಸಾಲದು ಎಂಬುದು ಸ್ಪಷ್ಟವಾಯಿತು. ಮುಚ್ಚಳ ಬಿಚ್ಚಿದರೆ ಮೆಮೊರಿ ಪಟ್ಟಿ ಕೂರುವ ಎರಡು ಸ್ಲಾಟು: ಒಂದರಲ್ಲಿ ನಾಲ್ಕು ಜಿಬಿಯ ಪಟ್ಟಿ, ಇನ್ನೊಂದು ಖಾಲಿ. ಈ ಬೋರ್ಡು ಎಂಟಕ್ಕಿಂತ ಹೆಚ್ಚು ಒಪ್ಪುವುದಿಲ್ಲವಂತೆ. ಹಾಗಾಗಿ ಇನ್ನೊಂದು ನಾಲ್ಕು ಸಾಕು.

ಬೇರೆಯವರಾದರೆ ಅಳತೆಗೆ ಸ್ಕೇಲು ಹಿಡಿಯುತ್ತಾರೆ. ಫೋಟೋದವರ ಮನೆಯವಳು ನಾನು, ಕ್ಯಾಮೆರಾ ಹಿಡಿದೆ. ಖಾಲಿ ಸ್ಲಾಟಿನ ಫೋಟೋ ತೆಗೆದು, ಇದ್ದ ಅಳತೆಗೇ ಪ್ರಿಂಟ್ ಹಾಕಿ ಕಂಪ್ಯೂಟರ್ ಅಂಗಡಿಗೆ ಒಯ್ದೆ.

ಅಂಗಡಿಯವರು ಯಾವ ತಲೆಮಾರಿನದು ಎಂದು ಕೇಳಿದರು. ಮಾವನವರದು ಮೊದಲನೆಯದು, ನಮ್ಮದು ಎರಡನೆಯದು ಎಂದೆ. ಅವರು ಕೇಳಿದ್ದು ಸ್ಟುಡಿಯೋದ ತಲೆಮಾರಲ್ಲ, ಮೆಮೊರಿಯದು. ಡಿಡಿಆರ್ ತ್ರೀ ಅಂತ ಒಂದು, ಫೋರ್ ಅಂತ ಇನ್ನೊಂದು. ಪಟ್ಟಿಯ ಅಂಚಿನ ಕಚ್ಚು ಒಂದೊಂದರಲ್ಲಿ ಒಂದೊಂದು ಕಡೆ ಇರುವುದರಿಂದ ಅದರ ಜಾಗದಲ್ಲಿ ಇದು ಕೂರುವುದಿಲ್ಲ. ನಾನು ಗತ್ತಿನಿಂದ ಫೋಟೋ ಮುಂದಿಟ್ಟೆ. ಅದರ ಮೇಲೆ ಫೋರ್ ಇಟ್ಟು ನೋಡಿದರೆ ಕಚ್ಚು ಸ್ಲಾಟಿನೊಳಗಿನ ಉಬ್ಬಿಗೆ ಕರಾರುವಾಕ್ಕಾಗಿ ಹೊಂದಿತು. ಅವರೂ ತಲೆದೂಗಿದರು.

ಕೊಂಡು ಸ್ಟುಡಿಯೋಗೆ ತಂದರೆ ಅದು ಒಳಗೆ ಇಳಿಯಲೊಲ್ಲದು. ಇದಕ್ಕೆ ಮದರ್‌ಬೋರ್ಡ್ ಎಂದು ಯಾರು ಹೆಸರಿಟ್ಟರೋ, ಇದು ಸಾಕ್ಷಾತ್ ಅತ್ತೆಬೋರ್ಡು. ಹೊಸದಾಗಿ ಬಂದವರನ್ನು ಅಷ್ಟು ಸುಲಭಕ್ಕೆ ಸೇರಿಸಿಕೊಳ್ಳುವುದಿಲ್ಲ. (ಇದನ್ನು ಅತ್ತೆಗೆ ಓದಿ ಹೇಳಬೇಡಿ.) ಅಂಗಡಿಗೆ ಫೋನ್ ಮಾಡಿದರೆ ಇನ್ನಷ್ಟು ಜೋರಾಗಿ ಒತ್ತಿ ಎಂದರು. ಹೆಬ್ಬೆರಳು ತಯಾರಾಗಿತ್ತು. ಅದನ್ನು ತಡೆದವರು ನೀವು. ನಾನು ಲೆನ್ಸ್ ಹಾಕುವಾಗಲೆಲ್ಲ "ಕೂರದೇ ಇರೋದನ್ನ ಒತ್ತಿ ಕೂರಿಸ್ಬೇಡ ಕಣೇ, ಎರಡೂ ಹಾಳಾಗುತ್ತೆ" ಎನ್ನುತ್ತಿದ್ದಿರಲ್ಲ, ಆ ದನಿ.

ಕೈ ತೆಗೆದು ಪ್ರಿಂಟನ್ನೇ ಮತ್ತೆ ನೋಡಿದೆ. ಅಂಚಿಲ್ಲದ ಪ್ರಿಂಟು ಹಾಕಿದ್ದೆ! ಕಾಗದದ ತುದಿಯವರೆಗೂ ತುಂಬಿಸಲು ನಮ್ಮ ಪ್ರಿಂಟರು ಚಿತ್ರವನ್ನು ಒಂದಿಷ್ಟು ಹಿಗ್ಗಿಸಿ, ಹೊರಗುಳಿದದ್ದನ್ನು ಕತ್ತರಿಸುತ್ತದೆ. ಹಾಗಾಗಿ ಚಿತ್ರದಲ್ಲಿ ಆ ಉಬ್ಬು ತನ್ನ ಜಾಗ ಬಿಟ್ಟು ಪಕ್ಕಕ್ಕೆ ಸರಿದಿತ್ತು. ಗ್ರೂಪ್ ಫೋಟೋದ ಕೊನೆಯಲ್ಲಿ ನಿಂತವರ ಅರ್ಧ ಭುಜ ನುಂಗಿ ನಮಗೆ ಬೈಸಿದ್ದೂ ಇದೇ ಮಹಾರಾಯ.

ಮರುದಿನ ಹಳೆ ಪಟ್ಟಿಯನ್ನೇ ಕಳಚಿ, ಲೆನ್ಸ್ ಒರೆಸುವ ಬಟ್ಟೆಯಲ್ಲಿ ಸುತ್ತಿ ಒಯ್ದೆ. ಡಿಡಿಆರ್ ತ್ರೀ ಎಂದು ಅದರ ಮೈಮೇಲೇ ಬರೆದಿತ್ತು. ಅಂಗಡಿಯವರೂ ನಾನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅದೇ ತಲೆಮಾರಿನ, ಅದೇ ವೋಲ್ಟೇಜಿನ ಪಟ್ಟಿ ಸಿಕ್ಕಿತು. ಒಂದೇ ಕೊರತೆಯೆಂದರೆ ಹೊಸದರ ವೇಗ ಹೆಚ್ಚು. ಜೊತೆಗೆ ಹಾಕಿದರೆ ಅದು ಹಳೆಯದರ ವೇಗಕ್ಕೇ ಇಳಿದು ಓಡುತ್ತದಂತೆ. "ಪರ್ವಾಗಿಲ್ವಾ ಮೇಡಂ?" ಎಂದು ಕೇಳಿದರು. ಇಳಿಯುವವರಿಗೆ ಪರವಾಗಿಲ್ಲವಾದರೆ ನನಗೇನು ಎಂದೆ. ಈ ಸಾಲನ್ನು ನೀವು ಎರಡು ಸಲ ಓದಿದರೂ ನನ್ನ ಅಭ್ಯಂತರವಿಲ್ಲ.

ಈಗ ಡಬ್ಬ ಎಷ್ಟು ಫೋಟೋ ತೆರೆದರೂ ಉಸಿರೆತ್ತುವುದಿಲ್ಲ. ಆಲ್ಬಮ್ ಮುಗಿದಂತೆಯೇ. ಆದ್ದರಿಂದ ಶಟರ್ ಎಳೆಯುವುದಿಲ್ಲ, ನಿಮ್ಮಲ್ಲಿ ಬಂದು ಕೂರುವುದೂ ಇಲ್ಲ. ನಿಮ್ಮ ಕೆಲಸ ಇಲ್ಲಿಗೆ ಬರಬಹುದು. ಅದನ್ನು ತಂಗಿಯ ಕೈಲೇ ಕಳಿಸಬೇಕೆಂಬ ನಿಯಮವೇನೂ ಇಲ್ಲ.

ಇಂತಿ,
ನಿಮ್ಮ (ಹೊಡೆದುಹಾಕಿ ಮತ್ತೆ ಬರೆದಿದ್ದೇನೆ)
ಹಳೆ ಅಂಗಡಿಯವಳು

ತಾ.ಕ.: ಒಂದು ಫೋಟೋ ಬಾಕಿ ಇದೆ, ಮದುಮಗಳು ಕನ್ನಡಿಯ ಮುಂದೆ ಕುಳಿತದ್ದು. ದೊಡ್ಡದು ಮಾಡಿ ನೋಡಿದಾಗ ಕನ್ನಡಿಯ ಮೂಲೆಯಲ್ಲಿ ನೀವು ಸಿಕ್ಕಿದಿರಿ. ಕ್ಯಾಮೆರಾ ಹಿಡಿದು, ಒಂದು ಕಣ್ಣು ಮುಚ್ಚಿ, ನಾಲಿಗೆಯ ತುದಿ ಕಚ್ಚಿಕೊಂಡು. ಗಿರಾಕಿಯ ಫೋಟೋದಲ್ಲಿ ಫೋಟೋದವರು ಕಾಣಬಾರದು, ಅಳಿಸಬೇಕು. ಚಿಟಿಕೆ ಹೊಡೆಯುವಷ್ಟರ ಕೆಲಸ. ನಿನ್ನೆಯಿಂದ ಅದು ತೆರೆದೇ ಇದೆ, ನನ್ನ ಕೈಲಿ ಆಗುತ್ತಿಲ್ಲ. ಅಳಿಸಲೇಬೇಕಿದ್ದರೆ ನೀವೇ ಬಂದು ಅಳಿಸಿ.